ಒಂದು ನಾಲ್ಕು ಎರಡು ಎಂಟು ಐದು ಏಳು

ಕಳೆದ ಬೇಸಿಗೆಯಲ್ಲಿ ಶಿರಸಿಯಿಂದ ಯಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಟಿಕೆಟ್ ಮುದ್ರಿಸುವ ಪುಟ್ಟ ಯಂತ್ರವನ್ನು ಕೊರಳಿಗೆ ತೂಗಿಸಿಕೊಂಡಿದ್ದ ವಯಸ್ಸಾದ ಕಂಡಕ್ಟರರೊಬ್ಬರು, ನಿಲುಗಡೆ ಹತ್ತಿರ ಬಂದಾಗ, ಬೆರಳಿನ ಉಂಗುರದಿಂದ ತಲೆಯ ಮೇಲಿನ ಕಬ್ಬಿಣದ ಸರಳನ್ನು ಕುಟ್ಟಿದರು. ಟಣ್, ಟಣ್. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಎಲ್ಲಿಂದಲೋ ಹಳೆಯ ಚರ್ಮದ ಚೀಲದ ವಾಸನೆ ಮೂಗಿಗೆ ಬಂತು. ಬೆವರು, ಡೀಸೆಲ್ಲು, ನಾಣ್ಯದ ಜಂಗು, ತೆಳ್ಳನೆಯ ಟಿಕೆಟ್ ಕಾಗದದ ಮಸಿ, ಎಲ್ಲ ಬೆರೆತ ವಾಸನೆ. ಅದು ನನ್ನ ಅಜ್ಜನ ವಾಸನೆ. ಸಂಜೆ ಅವನು ಮನೆಗೆ ಬಂದು ಚೀಲವನ್ನು ಗೂಟಕ್ಕೆ ನೇತುಹಾಕಿದನೆಂದರೆ ಇಡೀ ನಡುಮನೆ ಹಾಗೆ ನಾರುತ್ತಿತ್ತು. ಅಜ್ಜಿ ಮೂಗು ಮುರಿಯುತ್ತಿದ್ದಳು, ನಾನು ಆ ಚೀಲಕ್ಕೆ ಮುಖ ಒತ್ತಿ ನಿಲ್ಲುತ್ತಿದ್ದೆ. ನೀವೂ ಯಾರದೋ ಅಂಗಿಗೆ, ಯಾರದೋ ಸೆರಗಿಗೆ ಹಾಗೆ ಮುಖ ಒತ್ತಿ ನಿಂತವರಾದರೆ, ಯಲ್ಲಾಪುರ ಬರುವತನಕ ಕಿಟಕಿಯ ಹೊರಗಿನ ದಾರಿ ನನಗೆ ಯಾಕೆ ಕಾಣಲಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆ ಶಿರಸಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಬಾಡಿಗೆಯ ಮೂರು ಕೋಣೆ, ಮುಂದೊಂದು ಸಣ್ಣ ಜಗಲಿ. ಅಪ್ಪ ಲಾರಿ ಓಡಿಸುತ್ತ ಊರೂರು ತಿರುಗುತ್ತಿದ್ದ. ಅವ್ವ ಯಲ್ಲಾಪುರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ಅಲ್ಲೇ ಒಂದು ಕೋಣೆ ಹಿಡಿದಿದ್ದಳು. ನಾನು ಅವ್ವನ ತಂದೆ ತಾಯಿಯ ಬಳಿ ಬೆಳೆದೆ. ಅವರಿಬ್ಬರೂ ದಾಸನಕೊಪ್ಪದ ಕಡೆಯವರು. ಅಜ್ಜಿಯನ್ನು ನಾನು ಆಯಿ ಎಂದು ಕರೆಯುತ್ತಿದ್ದೆ. ಬೆಳಗಾಗುತ್ತಿದ್ದಂತೆ ಒಳಗೆ ಆಯಿ ಜೋಳದ ರೊಟ್ಟಿ ಬಡಿಯುವ ಸದ್ದು, ಹೊರಗೆ ಬಸ್ಸುಗಳು ಇಂಜಿನ್ ಬಿಸಿ ಮಾಡಿಕೊಳ್ಳುವ ಗುರುಗುರು ಸದ್ದು. ಎರಡೂ ಕೂಡಿ ನನ್ನನ್ನು ಎಬ್ಬಿಸುತ್ತಿದ್ದವು. ಅಜ್ಜ ಸರ್ಕಾರಿ ಬಸ್ಸಿನ ಕಂಡಕ್ಟರ್. ಶಿರಸಿಯಿಂದ ಯಲ್ಲಾಪುರ, ಯಲ್ಲಾಪುರದಿಂದ ಶಿರಸಿ. ಅವ್ವ ಅಲ್ಲಿ ನಿಲ್ದಾಣಕ್ಕೆ ಬಂದು ಅಜ್ಜನ ಕೈಯಲ್ಲಿ ನನಗಾಗಿ ಚಕ್ಕುಲಿಯನ್ನೋ, ಹೊಲಿಸಿದ ಲಂಗವನ್ನೋ ಕಳಿಸುತ್ತಿದ್ದಳು. ಸಂಜೆ ಅಜ್ಜ ಜಗಲಿಯಲ್ಲಿ ಕಾಲು ಚಾಚಿ ಕೂತು, "ನಿಮ್ಮವ್ವ ಇವತ್ತ ಹಸರು ಸೀರಿ ಉಟ್ಟಿದ್ಲು, ನಕ್ಕೋತ ಇದ್ಲು," ಎಂದು ವರದಿ ಒಪ್ಪಿಸುತ್ತಿದ್ದ. ಅವಳು ನಗದ ದಿನವೂ ಅವನು ಹಾಗೆಯೇ ಹೇಳುತ್ತಿದ್ದನೇನೋ.

ಆ ಸಂಖ್ಯೆ ನಮ್ಮ ಮನೆಗೆ ಬಂದದ್ದು ಭೈರುಂಬೆಯ ಮಾಸ್ತರರಿಂದ. ಅವರು ಯಲ್ಲಾಪುರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ದಿನವೂ ಅಜ್ಜನ ಬಸ್ಸಿಗೇ ಹತ್ತುತ್ತಿದ್ದರು. ಒಂದು ದಿನ ಅಜ್ಜ ಹರಿದುಕೊಟ್ಟ ಟಿಕೆಟ್ಟನ್ನು ಅವರು ಕನ್ನಡಕ ಮೇಲೆತ್ತಿ ನೋಡಿ ಸೀಟಿನಿಂದ ಎದ್ದೇಬಿಟ್ಟು ತಮ್ಮ ಹವಿಗನ್ನಡದಲ್ಲಿ ಕೂಗಿದರಂತೆ. "ಎಂತಾ ಟಿಕೆಟ್ ಕೊಟ್ಟೆ ಮಾರಾಯಾ! ಆನು ಹೇಳ್ತೆ ಕೇಳು, ಇದ್ನ ಎರಡ್ರಿಂದ ಗುಣಿಸು ನೋಡ್ವ." ಟಿಕೆಟ್ಟಿನ ಮೇಲಿದ್ದದ್ದು ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರಾ ಐವತ್ತೇಳು. ಅಜ್ಜ ಟಿಕೆಟ್ ಲೆಕ್ಕದ ಹಾಳೆಯ ಅಂಚಿನಲ್ಲಿ ಗುಣಿಸಿದ: ಎರಡು ಎಂಟು ಐದು ಏಳು ಒಂದು ನಾಲ್ಕು. "ಅಂಕಿ ಎಲ್ಲ ಅವೇ ಅಲ್ದಾ? ಈಗ ಮೂರ್ರಿಂದ ಮಾಡು." ನಾಲ್ಕು ಎರಡು ಎಂಟು ಐದು ಏಳು ಒಂದು. ಮತ್ತೂ ಅವೇ ಅಂಕಿಗಳು, ಅದೇ ಸಾಲಿನಲ್ಲಿ, ಬರೀ ಶುರುವಾಗುವ ಜಾಗ ಬೇರೆ. ನಾಲ್ಕರಿಂದ, ಐದರಿಂದ, ಆರರಿಂದ ಗುಣಿಸಿದರೂ ಹಾಗೆಯೇ. ಬಸ್ಸಿನ ನಡುವೆ ಸರಳಿಗೆ ಒರಗಿ ನಿಂತು ಅಜ್ಜ ಗುಣಿಸುತ್ತಲೇ ಇದ್ದ. ಮಂಚಿಕೇರಿ ಬಂದು ಹೋದದ್ದು ಅವನಿಗೆ ತಿಳಿಯಲೇ ಇಲ್ಲ. ಅಲ್ಲಿ ಇಳಿಯಬೇಕಾಗಿದ್ದ ಹೆಂಗಸೊಬ್ಬಳು ತಿರುವು ದಾಟಿದ ಮೇಲೆ ಬೊಬ್ಬೆ ಹಾಕಿದಳು. ಡ್ರೈವರ್ ಹುಸೇನ್ ಬಸ್ಸನ್ನು ಹಿಮ್ಮುಖವಾಗಿ ಅಷ್ಟು ದೂರ ಓಡಿಸಿ ಅವಳನ್ನು ಇಳಿಸಿದನಂತೆ. ಈ ಕತೆಯನ್ನು ಅಜ್ಜ ಎಷ್ಟು ಸಲ ಹೇಳಿದರೂ ಹೆಂಗಸಿನ ಬೊಬ್ಬೆಯ ಜಾಗಕ್ಕೆ ಬಂದಾಗ ಮೊದಲ ಸಲದ ಹಾಗೆಯೇ ನಗುತ್ತಿದ್ದ.

ನನಗೆ ಅದನ್ನು ಕಲಿಸಿದ್ದು ಸ್ಟೀಲಿನ ಲೋಟಗಳಲ್ಲಿ. ಅಡುಗೆಮನೆಯಿಂದ ಆರು ಲೋಟ ತಂದು ನೆಲದ ಮೇಲೆ ದುಂಡಗೆ ಬೋರಲು ಹಾಕಿ, ಒಂದೊಂದರ ಮೇಲೂ ಸೀಮೆಸುಣ್ಣದಿಂದ ಒಂದೊಂದು ಅಂಕಿ ಬರೆದ. "ಇವು ಆರು ಸ್ಟಾಪು. ನೀ ಎಲ್ಲೆ ಹತ್ತಿದ್ರೂ ಅಡ್ಡಿ ಇಲ್ಲ, ಬಸ್ ಹೋಗೂ ದಾರಿ ಒಂದ." ನಾನು ಲೋಟಗಳ ಸುತ್ತ ಬೆರಳು ಓಡಿಸುತ್ತ ಹೇಳಬೇಕು. ಏಳರಿಂದ ಗುಣಿಸಿದರೆ ಮಾತ್ರ ಎಲ್ಲ ಅಂಕಿಗಳೂ ಮಾಯವಾಗಿ ಬರೀ ಒಂಬತ್ತುಗಳು ನಿಲ್ಲುತ್ತಿದ್ದವು. "ಬಸ್ ಡಿಪೋಕ್ಕ ಹೋತು," ಎನ್ನುತ್ತಿದ್ದ ಅಜ್ಜ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಂಟರ ಲೆಕ್ಕ. ಆಗ ಹನ್ನೊಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರಾ ಐವತ್ತಾರು ಬರುತ್ತದೆ. ಆರು ಅಂಕಿಗಳ ಬಸ್ಸಿಗೆ ಏಳು ಅಂಕಿ. "ಮುಂದಿನ ಬಾಗಲದಾಗ ಒಬ್ಬಾಂವ ಜೋತಾಡಾಕ ಹತ್ಯಾನ ನೋಡು. ಅವನ್ನ ಒಳಗ ಕರದು ಹಿಂದಿನ ಸೀಟಿಗೆ ಕುಂದ್ರಸು." ಮುಂದಿನ ಒಂದನ್ನು ತೆಗೆದು ಕೊನೆಯ ಆರಕ್ಕೆ ಕೂಡಿಸಿದರೆ ಆರು ಏಳಾಗಿ, ಹಳೆಯ ಸಂಖ್ಯೆಯೇ ಮತ್ತೆ ಬಂದು ಕೂರುತ್ತಿತ್ತು. ಇದನ್ನು ಹೇಳುವಾಗ ಅಜ್ಜ ಬಾಗಿಲ ಚೌಕಟ್ಟು ಹಿಡಿದು ಒಂಟಿ ಕಾಲಲ್ಲಿ ಜೋತಾಡಿ ತೋರಿಸುತ್ತಿದ್ದ. ಮುಂದೆ ಕಾಲೇಜಿನಲ್ಲಿ ಗಣಿತ ಓದುವಾಗ ಇದರ ಗುಟ್ಟು ತಿಳಿಯಿತು. ಒಂದನ್ನು ಏಳರಿಂದ ಭಾಗಿಸುತ್ತ ಹೋದರೆ ದಶಮಾಂಶದಲ್ಲಿ ಈ ಆರು ಅಂಕಿಗಳೇ ಕೊನೆಯಿಲ್ಲದೆ ತಿರುಗುತ್ತವೆ. ಶೇಷವಾಗಿ ಒಂದರಿಂದ ಆರರವರೆಗಿನ ಪ್ರತಿ ಅಂಕಿಯೂ ಒಂದೇ ಒಂದು ಸಲ ಬಂದು, ಮತ್ತೆ ಮೊದಲಿನದಕ್ಕೇ ಮರಳುತ್ತದೆ. ಎರಡರಿಂದಲೋ ಮೂರರಿಂದಲೋ ಗುಣಿಸುವುದೆಂದರೆ ಆ ಸುತ್ತಿಗೆ ಬೇರೊಂದು ಕಡೆಯಿಂದ ಹೊಕ್ಕಂತೆ. ಅದನ್ನು ಓದಿದ ದಿನ ನನಗೆ ಹೊಸದನ್ನು ಕಲಿತೆ ಅನ್ನಿಸಲಿಲ್ಲ.

ಆಯಿಗೆ ಮಾತ್ರ ಇದೆಲ್ಲ ಹಿಡಿಸುತ್ತಿರಲಿಲ್ಲ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಚಹಾಕ್ಕೆ ಲೋಟ ಬೇಕಾದಾಗ ಅವು ನಡುಮನೆಯ ನೆಲದ ಮೇಲೆ ಅಂಕಿ ಹೊತ್ತು ಕೂತಿರುವುದನ್ನು ಕಂಡು ಸಿಡುಕುತ್ತಿದ್ದಳು. "ನಿಮ್ಮ ಅಂಕಿ ಹೊಟ್ಟಿ ತುಂಬಸ್ತಾವೇನ್ರಿ? ಲೋಟ ಕೊಡ್ರಿ ಇಲ್ಲೆ." ಅಜ್ಜ ನನ್ನತ್ತ ಕಣ್ಣು ಮಿಟುಕಿಸಿ ಸೀಮೆಸುಣ್ಣವನ್ನು ಧೋತರದ ತುದಿಯಿಂದ ಒರೆಸಿಕೊಡುತ್ತಿದ್ದ.

ಅಜ್ಜ ಕೆಲಸದಿಂದ ನಿವೃತ್ತನಾದ ಮೇಲೂ ದಿನವೂ ನಿಲ್ದಾಣಕ್ಕೆ ಹೋಗಿ ಬರುತ್ತಿದ್ದ. ಒಂದು ಬೆಳಗ್ಗೆ ಅಲ್ಲಿಯ ಚಹಾದಂಗಡಿಯ ಮುಂದೆ ಕುಸಿದು ಬಿದ್ದ. ಹುಸೇನನೇ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿ ನಮಗೆ ಹೇಳಿಕಳಿಸಿದ. ಪಾರ್ಶ್ವವಾಯು. ಜೀವ ಉಳಿಯಿತು. ಮನೆಗೆ ಬಂದಾಗ ಬಲಗೈ ಬಲಗಾಲುಗಳಲ್ಲಿ ಶಕ್ತಿ ಇರಲಿಲ್ಲ, ಮಾತು ಪೂರಾ ನಿಂತುಹೋಗಿತ್ತು. ಬಾಯಿ ತೆರೆಯುತ್ತಿದ್ದ, ಕೊರಳ ನರಗಳು ಉಬ್ಬುತ್ತಿದ್ದವು, ಹೊರಗೆ ಬರುತ್ತಿದ್ದದ್ದು ಬರೀ ಗಾಳಿ. ಆಯಿಯ ಹೆಸರು ಹೇಳಲು ಹೋಗಿ ಆಗದೆ ಕಣ್ಣಲ್ಲಿ ನೀರು ತಂದುಕೊಂಡು ಗೋಡೆಯ ಕಡೆ ತಿರುಗಿದ್ದನ್ನು ನಾನು ಕಂಡೆ. ಆ ಬೇಸಿಗೆಯಲ್ಲಿ ನಮ್ಮ ಮನೆ ಅಷ್ಟು ಸದ್ದಿಲ್ಲದೆ ಇತ್ತು. ಆಯಿ ರೊಟ್ಟಿಯನ್ನು ಕೂಡ ಮೆಲ್ಲಗೆ ಬಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಅಜ್ಜನ ಮಂಚದ ಪಕ್ಕದಲ್ಲಿ ಕೂತು ಶಾಲೆಯ ಗುಣಾಕಾರ ಮಾಡುತ್ತಿದ್ದೆ. ಬೇಸರ ಬಂದು, ಹಳೆಯ ಅಭ್ಯಾಸದಂತೆ, ಬಾಯಲ್ಲೇ "ಒಂದು, ನಾಲ್ಕು, ಎರಡು" ಎಂದು ಗುನುಗಿ ನಿಲ್ಲಿಸಿದೆ. ಮಂಚದ ಮೇಲಿಂದ, "ಎಂಟು, ಐದು, ಏಳು."

ಅಜ್ಜನ ಧ್ವನಿ. ಬಸ್ಸಿನಲ್ಲಿ ಊರುಗಳ ಹೆಸರು ಕೂಗುತ್ತಿದ್ದ ಅದೇ ಗಟ್ಟಿ ಧ್ವನಿ, ಸ್ವಲ್ಪವೂ ತೊದಲದೆ. ನಾನು ಕಿರುಚಿಕೊಂಡೆ. ಆಯಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಏನಾತು? ಏನಂದ್ರು?" ಎಂದು ನನ್ನ ಭುಜ ಅಲುಗಾಡಿಸಿದಳು. "ಇನ್ನೊಮ್ಮೆ ಹೇಳಸವಾ, ಇನ್ನೊಮ್ಮೆ." ನಾನು ಒಂದು ಎಂದೆ. ಅಜ್ಜ ಆರೂ ಅಂಕಿಗಳನ್ನು ಸುತ್ತಿಬಂದ. ತನ್ನ ಬಾಯಿಂದ ಬಂದದ್ದನ್ನು ಕೇಳಿ ತಾನೇ ಬೆರಗಾದವನಂತೆ ಮತ್ತೊಮ್ಮೆ ಹೇಳಿದ. ಅಂಕಿಗಳೆಂದರೆ ಸಿಡುಕುತ್ತಿದ್ದ ಆಯಿ ಮಂಚದ ಕಾಲಿಗೆ ತಲೆ ಆನಿಸಿ ಅಳತೊಡಗಿದಳು. ಅವಳ ಹಿಟ್ಟಿನ ಕೈಗುರುತು ನನ್ನ ಫ್ರಾಕಿನ ಮೇಲೆ ಹಾಗೇ ಉಳಿದಿತ್ತು.

ಒಂದು ಬಂತಲ್ಲ, ಉಳಿದ ಮಾತುಗಳೂ ಬರುತ್ತವೆ ಎಂದು ಕಾದೆವು. ಬರಲಿಲ್ಲ. ಬಾಯಿಪಾಠವಾದದ್ದು ಎಲ್ಲೋ ಬೇರೆ ಮೂಲೆಯಲ್ಲಿ ಉಳಿದಿರುತ್ತದೆ, ಮಾತು ಬೇರೆ ಎಂದರು ಡಾಕ್ಟರು. ಒಂದಷ್ಟು ದಿನ ಕಳೆದ ಮೇಲೆ, ಒಂದು ಮುಂಜಾನೆ ಆಯಿ ತಾನಾಗಿಯೇ ಆರು ಲೋಟ ತೆಗೆದುಕೊಂಡು ಬಂದು ನನ್ನ ಮುಂದೆ ಇಟ್ಟಳು. "ನಂಗೂ ಕಲಸು." ಒಲೆಯ ಮುಂದೆ, ಬಾವಿಕಟ್ಟೆಯಲ್ಲಿ, ತಲೆ ಬಾಚುವಾಗ, ಅವಳ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ತಪ್ಪುತ್ತಿದ್ದಳು, ಹಣೆ ಬಡಿದುಕೊಳ್ಳುತ್ತಿದ್ದಳು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಬಾಯಿಗೆ ಬಂದ ಮೇಲೆ ಲೋಟಗಳನ್ನು ಮಂಚದ ಮೇಲೆ ಅಜ್ಜನ ಎಡಗೈಗೆ ಎಟಕುವಂತೆ ಜೋಡಿಸಿದಳು. ಒಂದರ ಲೋಟಕ್ಕೆ ನೀರು ಹಾಕಿ ಕುಡಿಸಿದಳು. ಎರಡರ ಲೋಟಕ್ಕೆ ಚಹಾ. "ಒಂದರಿಂದ ಹೇಳಿದ್ರ ನೀರು. ಎರಡರಿಂದ ಹೇಳಿದ್ರ ಚಾ. ತಿಳೀತ್ರಿ?" ಅಜ್ಜ ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ನಿಧಾನವಾಗಿ, "ಎರಡು, ಎಂಟು, ಐದು, ಏಳು, ಒಂದು, ನಾಲ್ಕು," ಎಂದ. ಆಯಿ ಚಹಾದ ಲೋಟ ಎತ್ತಿ ಅವನ ತುಟಿಗೆ ಹಿಡಿದಳು.

ಹೀಗೆ ಅವರಿಬ್ಬರ ಮಾತು ಶುರುವಾಯಿತು. ನಾಲ್ಕರಿಂದ ತೊಡಗಿದರೆ ಬಚ್ಚಲಿಗೆ. ಐದು ಎಂದರೆ ನೋವು. ಎಲ್ಲಿ ಎಂದು ಆಯಿ ಮುಟ್ಟಿ ಮುಟ್ಟಿ ಹುಡುಕಬೇಕು. ಎಂಟು ಎಂದರೆ ಹೊರಗೆ, ಜಗಲಿಗೆ, ಬಸ್ಸುಗಳ ಸದ್ದು ಕೇಳುವಲ್ಲಿಗೆ. ಉಳಿದಿದ್ದ ಏಳಕ್ಕೆ ಏನು ಇಡುವುದೆಂದು ಆಯಿಗೆ ತೋಚಲಿಲ್ಲ. ಅದರ ಅರ್ಥ ಅಜ್ಜನೇ ಇಟ್ಟದ್ದು. ಒಂದು ಸಂಜೆ ಅವಳು ಕೆಲಸ ಮುಗಿಸಿ ಏಳುತ್ತಿದ್ದಾಗ ಏಳರಿಂದ ತೊಡಗಿ, ಎಡಗೈಯಿಂದ ಮಂಚದ ಅಂಚನ್ನು ತಟ್ಟಿದ. ನೀನು ಇಲ್ಲೇ ಕೂರು ಎಂದು. ಆಯಿ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂತಳು. ಅಷ್ಟು ವರ್ಷಗಳಲ್ಲಿ ಅಜ್ಜ ಬಾಯಿಬಿಟ್ಟು ಅವಳಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಒಂದೇ ತೊಡಕೆಂದರೆ, ಎಲ್ಲಿಂದ ತೊಡಗಿದರೂ ಆರು ಅಂಕಿ ಮುಗಿಯದೆ ಅವನಿಗೆ ನಿಲ್ಲಿಸಲು ಬರುತ್ತಿರಲಿಲ್ಲ. ಬಾಯಾರಿದ್ದರೂ ಇಡೀ ಸುತ್ತು ಸುತ್ತಿಯೇ ಬರಬೇಕು. ಆಯಿ ಅಷ್ಟೂ ಹೊತ್ತು ಅವನ ಬಾಯನ್ನೇ ನೋಡುತ್ತ ನಿಂತಿರುತ್ತಿದ್ದಳು. ನನಗೆ ತಾಳ್ಮೆ ಇರಲಿಲ್ಲ. "ಒಂದು ಅಂದ ಕೂಡ್ಲೆ ನೀರು ಅಂತ ತಿಳೀತಲ್ಲ ಆಯಿ, ಕೊಡಬಾರದಾ?" ಎಂದೆ. "ಮಾತಾಡೂವಾಗ ನಡುವ ಎದ್ದು ಹೋಗಬಾರದವಾ," ಎಂದಳು.

ಓಣಿಯವರಿಗೆ ಇದು ಬೇರೆ ರೀತಿ ಕಾಣುತ್ತಿತ್ತು. ಜಗಲಿಯಲ್ಲಿ ಕೂತ ಮುದುಕ ದಿನವಿಡೀ ಅಂಕಿ ಹೇಳುತ್ತಾನೆ, ಅವನ ಹೆಂಡತಿಯೂ ತಿರುಗಿ ಅಂಕಿಯನ್ನೇ ಹೇಳುತ್ತಾಳೆ. ನೋಡಲು ಬಂದ ನೆಂಟರೊಬ್ಬರು, ಭಾನುವಾರ ಯಲ್ಲಾಪುರದಿಂದ ಬಂದಿದ್ದ ಅವ್ವನನ್ನು ಪಕ್ಕಕ್ಕೆ ಕರೆದು, "ತಲಿ ಕೆಟ್ಟೈತಿ, ಧಾರವಾಡಕ್ಕ ಕರ್ಕೊಂಡು ಹೋಗಿ ಇಟ್ಟು ಬರ್ರಿ," ಎಂದರು. ಧಾರವಾಡಕ್ಕೆ ಎಂದರೆ ಹುಚ್ಚಾಸ್ಪತ್ರೆಗೆ ಎಂದು ನಮ್ಮ ಕಡೆ ಯಾರಿಗೂ ವಿವರಿಸಬೇಕಿಲ್ಲ. ಅವ್ವ ಕೆಟ್ಟವಳಲ್ಲ, ಹೆದರಿದ್ದಳು. ಆಯಿ ಸವೆದುಹೋಗುತ್ತಿದ್ದಾಳೆ ಎಂಬ ಚಿಂತೆ ಅವಳಿಗೆ. "ಅವ್ವಾ, ಅಪ್ಪಗ ಅರ್ಥ ಆಗಿ ಹೇಳಾಕ ಹತ್ಯಾನೋ, ಸುಮ್ನ ಬಾಯಿಗೆ ಬಂದಿದ್ದು ಹೇಳ್ತಾನೋ, ಯಾರಿಗ್ಗೊತ್ತು?" ಎಂದು ಅಡುಗೆಮನೆಯಲ್ಲಿ ಆಯಿಗೆ ಅಜ್ಜನ ಬಗ್ಗೆ ಹೇಳಿದಳು. ಆಯಿ ಪಾತ್ರೆಗಳನ್ನು ಎತ್ತಿ ಕುಕ್ಕಿದಳು. ನಡುಮನೆಗೆ ಎಲ್ಲವೂ ಕೇಳಿಸುವಷ್ಟು ಸಣ್ಣ ಮನೆ ಅದು. ಮರುದಿನ ಅಜ್ಜ ಯಾವ ಅಂಕಿಯನ್ನೂ ಹೇಳಲಿಲ್ಲ. ನೀರನ್ನೂ ಕೇಳಲಿಲ್ಲ. ಆಯಿ ಲೋಟಗಳನ್ನು ಮುಂದೆ ಇಟ್ಟರೆ ಕಣ್ಣು ಮುಚ್ಚಿಕೊಂಡ. ಒಂದು ವಾರ ಹಾಗೆಯೇ ಕಳೆಯಿತು. ಅವ್ವ ರಜೆ ಹಾಕಿ ಧಾರವಾಡಕ್ಕೆ ಹೊರಡಲು ಬಟ್ಟೆ ಜೋಡಿಸತೊಡಗಿದಳು.

ಆಗಲೇ ಭೈರುಂಬೆಯ ಮಾಸ್ತರರು ಬಂದದ್ದು. ಅವರೂ ನಿವೃತ್ತರಾಗಿ ಊರುಗೋಲು ಹಿಡಿದಿದ್ದರು. ಅಜ್ಜನ ಸುದ್ದಿ ಹುಸೇನನಿಂದ ಆಗಷ್ಟೇ ತಿಳಿದಿತ್ತಂತೆ. ಜಗಲಿಯಲ್ಲಿ ಚಪ್ಪಲಿ ಬಿಡುತ್ತಲೇ ಆಯಿಯಿಂದ ಎಲ್ಲ ಕೇಳಿ ತಿಳಿದುಕೊಂಡರು. ಒಳಗೆ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಕ್ಷೇಮ ಗೀಮ ಏನೂ ವಿಚಾರಿಸದೆ, "ಒಂದು ನಾಲ್ಕು ಎರಡು ಎಂಟು ಐದು ಏಳು," ಎಂದರು. ಅಜ್ಜ ಕಣ್ಣು ತೆರೆದ. "ಮೂರ್ರಿಂದ ಎಷ್ಟಾಗ್ತು ಹೇಳು ನೋಡ್ವ." ನಾವು ಬಾಗಿಲಲ್ಲಿ ನಿಂತಿದ್ದೆವು. ಅಜ್ಜ ತುಟಿ ತೆರೆದ. "ನಾಲ್ಕು. ಎರಡು. ಎಂಟು. ಐದು. ಏಳು. ಒಂದು." ಮಾಸ್ತರರು ತಲೆದೂಗಿದರು. "ಆರ್ರಿಂದ?" ಎಂಟರಿಂದ ತೊಡಗಿ ಸರಿಯಾಗಿ ಹೇಳಿದ. ಅವರು ಅವ್ವನ ಕಡೆ ತಿರುಗಿ, "ತಂಗೀ, ಇದು ಗಿಣಿಪಾಠ ಅಲ್ಲ. ಎಲ್ಲಿಂದ ಶುರು ಮಾಡವು ಹೇಳಿ ಇವಂಗೆ ಗೊತ್ತಿದ್ದು. ತಲೆ ಎಂತೂ ಕೆಟ್ಟಿದ್ದಿಲ್ಲೆ," ಎಂದರು. ಆಮೇಲೆ ಅಜ್ಜನ ಕಡೆ ಬಾಗಿ, "ಐದ್ರಿಂದ?" ಎಂದರು.

ಆಯಿ ಅಷ್ಟರಲ್ಲಿ ಮಾಸ್ತರರಿಗೆ ಚಹಾ ಮಾಡಲು ಒಳಗೆ ಹೋಗಿದ್ದಳು. ಅಜ್ಜ ಗಟ್ಟಿಯಾಗಿ, "ಏಳು, ಒಂದು, ನಾಲ್ಕು, ಎರಡು, ಎಂಟು, ಐದು," ಎಂದ. ಒಲೆಯ ಮೇಲೆ ಚಹಾ ಉಕ್ಕುವ ಸದ್ದು ಕೇಳಿಸಿತು. ಆಯಿ ಅದನ್ನು ಹಾಗೇ ಬಿಟ್ಟು ಬಂದು ಮಂಚದ ಅಂಚಿನಲ್ಲಿ, ಅಜ್ಜನ ಎಡಗೈ ಪಕ್ಕ, ಕೂತುಬಿಟ್ಟಳು. "ಸರಿಯಾತು! ಐದ್ರಿಂದ ಗುಣಿಸಿರೆ ಅದೇಯ," ಎಂದರು ಮಾಸ್ತರರು. "ಗುಣಿಸಿದ್ದಲ್ರಿ ಮಾಸ್ತರ್ರ, ನನ್ನ ಕರದಿದ್ದು," ಎಂದಳು ಆಯಿ. ಅವರು ಒಂದು ಗಳಿಗೆ ಇಬ್ಬರನ್ನೂ ನೋಡಿ, ಕನ್ನಡಕ ತೆಗೆದು ಪಂಚೆಯಿಂದ ಒರೆಸಿಕೊಂಡರು. "ಹೌದು ತಾಯೀ, ಎರಡೂ ಹೌದು," ಎಂದರು. ಅಜ್ಜನ ಕಡೆ ಮತ್ತೆ ತಿರುಗಿ, "ಇನ್ನೊಂದು ಉಳತ್ತಲ, ಎಂಟ್ರಿಂದ?" ಎಂದು ಕೇಳಿದರು. ಅಜ್ಜ ಅಂಕಿ ಹೇಳಲಿಲ್ಲ. ಎಡಗೈಯಿಂದ ಮಂಚದ ಸರಳನ್ನು ಬಿಗಿಯಾಗಿ ಹಿಡಿದು, ಮೈಯನ್ನು ಹೊರಕ್ಕೆ ವಾಲಿಸಿ, ಬಸ್ಸಿನ ಬಾಗಿಲಲ್ಲಿ ಜೋತಾಡುವವನಂತೆ ತೂಗಿದ. ಮೊದಲು ನಕ್ಕವಳು ನಾನು, ಆಮೇಲೆ ಅವ್ವ, ಆಮೇಲೆ ಎಲ್ಲರೂ. ಅಜ್ಜನ ಮುಖದ ಒಂದೇ ಬದಿ ನಗುತ್ತಿತ್ತು, ಅದೇ ಸಾಕಾಗಿತ್ತು. ಆ ಸಂಜೆ ಅವ್ವ, ಚೀಲಕ್ಕೆ ಜೋಡಿಸಿದ್ದ ಬಟ್ಟೆಗಳನ್ನು ತೆಗೆದು ಮತ್ತೆ ಪೆಟ್ಟಿಗೆಗೆ ಹಾಕಿದಳು. ಧಾರವಾಡದ ಮಾತು ಮುಂದೆ ಯಾರೂ ಎತ್ತಲಿಲ್ಲ.

ಮುಂದಿನ ದೀಪಾವಳಿ ಕಳೆದ ಮೇಲೆ, ಚಳಿ ಕಾಲಿಡುವ ಹೊತ್ತಿಗೆ, ಅಜ್ಜ ಹೋದ. ನಾನು ಶಾಲೆಯಿಂದ ಬಂದಾಗ ಇಳಿಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ಆಯಿ ಅವನ ಪಕ್ಕ ಕೂತಿದ್ದಳು, ಅವನ ಕೈ ಅವಳ ಮಡಿಲಲ್ಲಿತ್ತು. ಚೀಲ ಇಳಿಸುತ್ತ ಏನೋ ಹೇಳಹೋದ ನನ್ನನ್ನು ಅವಳು ಕೈಸನ್ನೆ ಮಾಡಿ ತಡೆದಳು. "ಏಳು, ಒಂದು, ನಾಲ್ಕು ಅಂದಾರ. ಇನ್ನ ಮೂರು ಅದಾವ," ಎಂದಳು ಪಿಸುದನಿಯಲ್ಲಿ. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಳೋ ತಿಳಿಯದು. ನಾನು ಅಜ್ಜನ ಪಾದ ಮುಟ್ಟಿದೆ, ತಣ್ಣಗಿತ್ತು. ಅವಳ ಮುಖ ನೋಡಿದೆ. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಏಳಲಿಲ್ಲ. ನಾನೂ ಅವಳ ಪಕ್ಕ ಕೂತೆ. ಹೊರಗೆ ಸಂಜೆಯ ಯಲ್ಲಾಪುರದ ಬಸ್ಸು ಹೊರಟ ಸದ್ದಾಗಿ, ದೂರವಾಗಿ, ನಿಂತ ಮೇಲೆ ನಾನೇ ಎದ್ದು ಪಕ್ಕದ ಮನೆಯವರನ್ನು ಕರೆದೆ.

ಆಯಿ ನಮ್ಮ ಜೊತೆ ಯಲ್ಲಾಪುರಕ್ಕೆ ಬಂದಳು. ಅಪ್ಪ ಲಾರಿ ಬಿಟ್ಟು ಅಲ್ಲೇ ಗ್ಯಾರೇಜು ಸೇರಿದ, ನಾನು ಶಾಲೆ ಬದಲಿಸಿದೆ. ಓಣಿಯ ಆ ಮನೆಯನ್ನು ಒಡೆಯರು ಕೆಡವಿದರು. ಈಗ ಆ ಜಾಗದಲ್ಲಿ ಮೂರು ಅಂತಸ್ತಿನ ಲಾಡ್ಜಿದೆ, ಜಗಲಿ ಇದ್ದಲ್ಲಿ ಬೈಕುಗಳು ನಿಲ್ಲುತ್ತವೆ. ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ, ಅಕ್ಕಿ ಆರಿಸುತ್ತ ಕೂತಿದ್ದ ಆಯಿಯನ್ನು ಒಮ್ಮೆ ಸುಮ್ಮನೆ ಕೇಳಿದೆ, "ಆ ಸಂಖ್ಯೆ ಇನ್ನೂ ನೆನಪೈತೇನ?" ಅವಳು ಮೊರದಿಂದ ತಲೆ ಎತ್ತಲಿಲ್ಲ. "ನೆನಪಿರದ ಏನು," ಎಂದಳು. ಹೇಳು ನೋಡೋಣ ಎಂದು ಪೀಡಿಸಿದೆ. ಅವಳು ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದು, "ಅದು ಇಬ್ಬರ ಮಾತಲ್ಲೇನ. ಒಬ್ಬಾಕಿ ಹ್ಯಾಂಗ ಆಡ್ಲಿ?" ಎಂದಳು. ನಾನು ಮೊರದ ಇನ್ನೊಂದು ಬದಿಗೆ ಕೂತು ಅಕ್ಕಿ ಆರಿಸತೊಡಗಿದೆ.

ಈಗ ಆಯಿಯೂ ಇಲ್ಲ, ಅವ್ವನೂ ಇಲ್ಲ. ಮಾಸ್ತರರು, ಹುಸೇನ್, ಯಾರೂ ಇಲ್ಲ. ನಾನು ಈಗ ಗಣಿತ ಕಲಿಸುತ್ತೇನೆ. ಪ್ರತಿ ವರ್ಷವೂ ಒಂದು ದಿನ ಆ ಆರು ಅಂಕಿಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ಗುಣಾಕಾರ ಮಾಡಿಸುತ್ತೇನೆ. ಅವು ತಿರುಗಿ ತಿರುಗಿ ಬರುವುದನ್ನು ಕಂಡು ಮಕ್ಕಳು ಹೋ ಎನ್ನುತ್ತಾರೆ. ಆ ಗುಣ ಇವತ್ತಿಗೂ ಹಾಗೇ ಇದೆ, ನಾಳೆ ಅವರ ಮಕ್ಕಳು ಗುಣಿಸಿದರೂ ಹಾಗೇ ಇರುತ್ತದೆ. ಐದು ಎಂದರೆ ನೋವು, ಎಂಟು ಎಂದರೆ ನನ್ನನ್ನು ಹೊರಗೆ ಕರೆದುಕೊಂಡು ಹೋಗು ಎಂದು ಮಾತ್ರ ನಾನು ಅವರಿಗೆ ಹೇಳಿಲ್ಲ. ಮಕ್ಕಳು ಮನೆಗೆ ಹೋದ ಮೇಲೆ ಹಲಗೆ ಒರೆಸುವ ಮುನ್ನ ಏಳರಿಂದ ತೊಡಗುವ ಸಾಲಿನ ಎದುರು ಸ್ವಲ್ಪ ಹೊತ್ತು ಕುರ್ಚಿ ಎಳೆದು ಕೂರುತ್ತೇನೆ.